ಸೋಮವಾರ ಬರ್ತಾರೆ ಅಂದುಬಿಟ್ಟೆ

ಈ ಶ್ರದ್ಧಾಂಜಲಿ ಸಭೆಗೆ ಬಿಡುವು ಮಾಡಿಕೊಂಡು ಬಂದಿರೋ ಎಲ್ಲರಿಗೂ, ಮುಂದಿನ ಸಾಲಲ್ಲಿ ಕೂತಿರೋ ಮೇಡಂ ಅವರ ಯಜಮಾನರಿಗೆ, ಮಗಳಿಗೆ ನನ್ನ ನಮಸ್ಕಾರ. ಜೈಲಿನಲ್ಲಿ ಎರಡು ವರ್ಷ ಮೇಡಂ ಕೈಕೆಳಗೆ ಆಪ್ತಸಮಾಲೋಚಕನಾಗಿ ಕೆಲಸ ಮಾಡಿದವನು ನಾನು. ಕ್ಷಮಿಸಿ, ಬರೆದು ತಂದ ಈ ಕಾಗದ ಕೆಳಗಿಡ್ತೀನಿ.

ಇಲ್ಲಿರೋರು ಇಲಾಖೆಯವರು, ಮನೆಯವರು. ಬಿಚ್ಚಿ ಹೇಳ್ತೀನಿ. ನಮ್ಮ ಗುಂಪಲ್ಲಿ ಎಂಟು ಜನ, ಎಲ್ಲರೂ ಲೈಂಗಿಕ ಅಪರಾಧಕ್ಕೆ ಶಿಕ್ಷೆ ಆದವರೇ. ಸೋಮವಾರ ಹತ್ತು ಗಂಟೆಗೆ ದುಂಡಗೆ ಕುರ್ಚಿ ಹಾಕ್ತಿದ್ವಿ. ಮೊದಲ ದಿನವೇ ಮೇಡಂ ಅಂದ್ರು — "ಕನಿಕರ ಗೇಟಲ್ಲೇ ಬಿಡು. ಅಸಹ್ಯಾನೂ ಅಲ್ಲೇ ಬಿಡು. ಕಿವಿ ಮಾತ್ರ ಒಳಗೆ ತಾ." ನಗಿ, ಪರವಾಗಿಲ್ಲ.

ಅವರು ಹೇಳೋರು — ಬಿಟ್ಟುಹೋಗ್ತಾರೆ ಅನ್ನೋ ಭಯ ಚಿಕ್ಕಂದಿನಲ್ಲೇ ಮೈಗೆ ಹತ್ತುತ್ತೆ. ಕೆಲವರು ಅಂಟಿಕೊಳ್ತಾರೆ, ಕೆಲವರು ಯಾರೂ ಬೇಡ ಅಂತ ಕಲ್ಲಾಗ್ತಾರೆ. ನಮ್ಮ ಗುಂಪಲ್ಲಿ ಒಬ್ಬ ಬಡಗಿ. ಚಿಕ್ಕವನಿದ್ದಾಗ ಅವನನ್ನ ತಾಯಿ ನೆಂಟರ ಮನೇಲಿ ಕೂರಿಸಿ, "ಈಗ ಬಂದೆ" ಅಂತ ಹೋದವರು ಬರಲೇ ಇಲ್ಲ. ದೊಡ್ಡವನಾದ್ಮೇಲೆ, ಬಿಟ್ಟುಹೋದ ಹೆಂಡತಿಯನ್ನ ಹುಡುಕಿಕೊಂಡು ಹೋಗಿ ಬಲಾತ್ಕಾರ ಮಾಡಿದ. ಮೇಡಂ ಪೂರ್ತಿ ಕೇಳಿ ಅಂದ್ರು — "ನಿನ್ನ ನೋವು ನಿಜ. ಅವಳಿಗೆ ನೀನು ಮಾಡಿದ್ದೂ ನಿಜ. ಅದನ್ನ ಹೇಳಿ ಇದನ್ನ ತೊಳೆಯೋಕಾಗಲ್ಲ."

ಆ ಬಿಟ್ಟುಹೋಗೋ ಭಯಕ್ಕೇ ಅವರದೊಂದು ಕಟ್ಟುನಿಟ್ಟು. ಒಂದು ವಾರ ಬರಲ್ಲ ಅಂದ್ರೂ ಗುಂಪಿಗೆ ಮುಂಚೇನೇ ಹೇಳೋರು. ಹಲ್ಲು ಕೀಳಿಸೋಕೆ ಹೋಗೋದಿದ್ರೂ ಹೇಳೋರು. ಮಗಳು ಒಮ್ಮೆ ನನ್ನೆದುರೇ ಮುನಿಸ್ಕೊಂಡಿದ್ರು — "ಮನೇಲಿ ಹೇಳದೆ ಹೋಗ್ತೀಯ, ಅವರಿಗೆ ಮಾತ್ರ ರಜಾ ಚೀಟಿ!"

ಮೇಡಂ ಹೃದಯಾಘಾತದಲ್ಲಿ ಹೋಗಿದ್ದು ಶನಿವಾರ. ಸೋಮವಾರ ಒಬ್ಬನೇ ಹೋದೆ. ಬಡಗಿ ಕೇಳಿದ — "ಮೇಡಂ ಎಲ್ಲಿ ಸಾರ್?" ನಾನು ಹೆದರಿದೆ. ಹೆದರಿ — "ರಜೆ" ಅಂದೆ. "ಮುಂದಿನ ಸೋಮವಾರ ಬರ್ತಾರೆ."

"ಹೇಳದೆ ಹೋಗೋರಲ್ವಲ್ಲ ಅವರು..."

"ಅವಸರ ಇತ್ತಪ್ಪಾ."

ನಂಬಿದ. ನನ್ನನ್ನ ನಂಬಿದ. ಮುಂದಿನ ತಿಂಗಳು ಅವನ ಬಿಡುಗಡೆ. ಹೊರಗೆ ಅವನ ಹೆಂಡತಿಯಾಗಿದ್ದ ಆ ಹೆಂಗಸು ಇದ್ದಾಳೆ, ಅವನ ಭಯಕ್ಕೆ ಮೂರು ಸಲ ಮನೆ ಬದಲಿಸಿದ್ದಾಳೆ. ನಾನು ಹೇಳಿದ ಸುಳ್ಳಿನ ಸಿಟ್ಟು ಅವಳ ಬಾಗಿಲಿಗೆ ಹೋದ್ರೆ?

ನಾಳೆ ಸೋಮವಾರ. ಹೋಗಿ ಹೇಳ್ತೀನಿ — ಮೇಡಂ ತೀರಿಕೊಂಡ್ರು, ನಾನು ಸುಳ್ಳು ಹೇಳಿದೆ. ಅವನು ಏನಾಗ್ತಾನೋ ಗೊತ್ತಿಲ್ಲ. ಏನೇ ಆದ್ರೂ ಅವನ ಬಿಡುಗಡೆ ವರದಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೀತೀನಿ, ನನ್ನ ತಪ್ಪೂ ಸೇರಿಸಿ.

ಈಗ ದಯವಿಟ್ಟು ಎಲ್ಲರೂ ಏಳಿ. ಒಂದು ನಿಮಿಷ ಮಾತು ಬೇಡ. ಮೇಡಂಗಾಗಿ ನಿಲ್ಲಿ. ಎಲ್ಲೋ ಒಂದು ಕಡೆ ಚಿಲಕ ಹಾಕಿದ್ದೀನಾ ಅಂತ ಎರಡೆರಡು ಸಲ ನೋಡ್ಕೊಳ್ಳೋ ಆ ಹೆಂಗಸಿಗಾಗಿಯೂ ನಿಲ್ಲಿ. ಅವನನ್ನ ತಿದ್ದುತ್ತಿದ್ದ ಮೇಡಂ ಇನ್ನಿಲ್ಲ ಅಂತ ಅವಳಿಗೆ ಇನ್ನೂ ಯಾರೂ ಹೇಳಿಲ್ಲ.