ಲ್ಯಾಬಿನ ಮೇಲಿನ ದೂರು, ಗಂಡನ ಜೇಬಿನ ಬಟ್ಟೆ

ಬೀದಿಯವರು ಟೈಲರಕ್ಕ ಎಂದು ಕರೆಯುವ ನಾನು, ವಯಸ್ಸು ನಲವತ್ತಾರು, ಬಟ್ಟೆ ಹೊಲಿಯುವ ಕೆಲಸ, ವಾಸ ಗಂಡನ ಕನ್ನಡಕದ ಅಂಗಡಿಯ ಮೇಲಿನ ಮಹಡಿ, ಠಾಣೆಗೆ ಖುದ್ದಾಗಿ ಬಂದು ತಿಳಿಸುವುದೇನೆಂದರೆ:

ಕಳೆದ ತಿಂಗಳು ಕೊರಳಿಗೆ ಅಳತೆ ಟೇಪು ಹಾಕಿಕೊಳ್ಳುವಾಗ ಬಲಗಡೆ ಗಂಟೊಂದು ಕೈಗೆ ಸಿಕ್ಕಿತು. ಸ್ಕ್ಯಾನ್ ಮಾಡಿದ ಡಾಕ್ಟರಮ್ಮ, ಇದು ಥೈರಾಯ್ಡ್ ಗಂಟು, ಇಂಥವು ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ, ಆದರೂ ಸೂಜಿ ಹಾಕಿ ಜೀವಕೋಶ ತೆಗೆದು ನೋಡಬೇಕು ಎಂದರು. ನನ್ನ ಕಿವಿಗೆ ಬಿದ್ದದ್ದು ಕ್ಯಾನ್ಸರ್ ಎಂಬ ಒಂದೇ ಮಾತು.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಸ್ಕ್ಯಾನ್ ಪರದೆ ನೋಡುತ್ತಲೇ ಸಣ್ಣ ಸೂಜಿ ಚುಚ್ಚಿ, ಬಂದದ್ದನ್ನು ಗಾಜಿನ ಪಟ್ಟಿಗಳ ಮೇಲೆ ತೆಳ್ಳಗೆ ಸವರಿ ಒಣಗಿಸಿದರು. ಡಬ್ಬಿಯಲ್ಲಿಟ್ಟು, ಇನ್ನೂರು ಮೀಟರ್ ದೂರದ ಲ್ಯಾಬಿಗೆ ಮುಟ್ಟಿಸಲು ನನ್ನ ಗಂಡನ ಕೈಗೆ ಕೊಟ್ಟರು.

ಬುಧವಾರ ಲ್ಯಾಬಿನವರು ಗಾಜಿನ ಮೇಲೆ ಏನೂ ಇಲ್ಲ ಎಂದರು. ನನ್ನ ಕಣ್ಣೆದುರೇ ಸವರಿದ್ದನ್ನು ಇವರು ಕಳೆದುಹಾಕಿ ಬೇರೆ ಗಾಜು ತೋರಿಸುತ್ತಿದ್ದಾರೆಂದು ಸಿಟ್ಟು ನೆತ್ತಿಗೇರಿ ಇಲ್ಲಿಗೆ ಬಂದು ದೂರು ಕೊಟ್ಟೆ. ನನಗಿಂತ ಜೋರಾಗಿ ಕೂಗಾಡಿದವರು ನನ್ನ ಗಂಡ.

ಅಂದು ಸಂಜೆ ಪೇದೆಯವರು ಅಂಗಡಿಗೆ ಬಂದು, ದಾರಿಯಲ್ಲಿ ಡಬ್ಬಿ ತೆರೆದಿರಾ ಎಂದು ವಿಚಾರಿಸಿದರು. ಗಂಡ ಯಾರದೋ ಕನ್ನಡಕ ಒರೆಸುತ್ತ, "ಹೂಂ ಸಾರ್. ಗಾಜೆಲ್ಲ ಮಬ್ಬುಮಬ್ಬಾಗಿತ್ತು. ಹಾಗೇ ಕೊಟ್ರೆ ಅವರಿಗೇನು ಕಾಣುತ್ತೆ ಅಂತ ಚೆನ್ನಾಗಿ ಒರೆಸಿ ಕೊಟ್ಟೆ" ಎಂದರು. ಹೇಳಿ ಮುಗಿಸುವಷ್ಟರಲ್ಲಿ ಅವರ ಕೈ ನಿಂತಿತು, ಮುಖ ಬಿಳಿಚಿತು. ಪೇದೆಯವರು ನಗು ತಡೆಯಲಾಗದೆ ಹೊರಗೆ ಹೋದರು. ನನಗೆ ನಗು ಬರಲಿಲ್ಲ.

ಚುಚ್ಚಿದ ಜಾಗ ಮಾಯಲಿ ಎಂದು ಡಾಕ್ಟರಮ್ಮ ಎರಡು ವಾರ ಬಿಟ್ಟರು. ಅಷ್ಟು ದಿನವೂ ಟೇಪನ್ನು ಕೊರಳಿಗೆ ಹಾಕದೆ ಮೊಳೆಗೆ ತೂಗುಹಾಕಿದ್ದೆ. ಎರಡನೇ ಸಲ ಸೂಜಿ ಹಾಕುವಾಗ ನಾನು ಮಾತಾಡಬಾರದು, ಉಗುಳೂ ನುಂಗಬಾರದು ಎಂದದ್ದರಿಂದ ಗಂಡ ನನ್ನ ಬೈಗುಳದಿಂದ ಬಚಾವಾದರು. ನನ್ನ ಕೈ ಹಿಡಿದು ನಿಂತಿದ್ದರು. ಈ ಸಲ ಡಬ್ಬಿಯನ್ನು ನಾನೇ ಹೊತ್ತೊಯ್ದೆ. ಹೊರಡುವ ಮುಂಚೆ ಅವರ ಜೇಬಿನಿಂದ ಒರೆಸುವ ಬಟ್ಟೆಯನ್ನೂ ಕಿತ್ತುಕೊಂಡೆ.

ಇಂದು ಬೆಳಿಗ್ಗೆ ವರದಿ ಬಂತು. ಕ್ಯಾನ್ಸರ್ ಅಲ್ಲ, ಆಗಾಗ ಸ್ಕ್ಯಾನ್ ಮಾಡಿಸಿದರೆ ಸಾಕು ಎಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು. ಹೋದ ಜೀವ ಬಂದಂತಾಯಿತು. ಲ್ಯಾಬಿನ ಬಾಗಿಲಲ್ಲೇ ಗಂಡ ಗಳಗಳನೆ ಅತ್ತರು. ಕಣ್ಣೊರೆಸಿಕೊಳ್ಳಲು ಜೇಬಿಗೆ ಕೈ ಹಾಕಿದರೆ ಬಟ್ಟೆ ಇರಲಿಲ್ಲ. ಅಂದು ಕಿತ್ತುಕೊಂಡಿದ್ದನ್ನು ನಾನೇ ತೆಗೆದು ಕೊಟ್ಟೆ.

ಲ್ಯಾಬಿನವರದು ಏನೂ ತಪ್ಪಿಲ್ಲ, ದೂರನ್ನು ಹಿಂಪಡೆಯುತ್ತೇನೆ. ಗಂಡನ ಮೇಲೂ ನನ್ನ ದೂರಿಲ್ಲ. ನಡೆದದ್ದನ್ನು ನಡೆದಂತೆಯೇ ಹೇಳಿದ್ದೇನೆ, ಬರೆದದ್ದನ್ನು ಓದಿಸಿ ಕೇಳಿದ್ದೇನೆ, ಸರಿಯಿದೆ.

ಸ್ಥಳ: ಠಾಣೆ
ದಿನಾಂಕ: ವರದಿ ಬಂದ ದಿನ, ಶನಿವಾರ
ಸಹಿ: ಟೈಲರಕ್ಕ