ಒಂದೇ ವಿಳಾಸವನ್ನು ಹನ್ನೊಂದು ಜನರಿಗೆ ಕೊಟ್ಟ ಬಗ್ಗೆ

ಹೆಸರು: ಗಂಗಾಲಕ್ಷ್ಮಿ ಎನ್., ತಂದೆ ನರಸಿಂಹಪ್ಪ. ವಯಸ್ಸು: 24 ವರ್ಷ. ವಿದ್ಯಾಭ್ಯಾಸ: ಎಂ.ಎ. ಕನ್ನಡ. ವೃತ್ತಿ: ವೆಬ್ ಹೋಸ್ಟಿಂಗ್ ರೀಸೆಲ್ಲರ್. ವಾಸ: ಸುಗಟೂರು ಗ್ರಾಮ, ಕೋಲಾರ ತಾಲ್ಲೂಕು.

ಮುಳಬಾಗಿಲು ತಾಲ್ಲೂಕು ತಾಯಲೂರಿನ ಕೋದಂಡರಾಮಪ್ಪನವರು ನನ್ನ ಮೇಲೆ ಕೊಟ್ಟಿರುವ ಅರ್ಜಿಯ ವಿಚಾರಣೆಗೆ ಇಂದು ಠಾಣೆಗೆ ಬಂದು, ಎ.ಎಸ್.ಐ. ಆಂಜಿನಪ್ಪನವರ ಮುಂದೆ ನಾನು ಹೇಳುವುದು ಇಷ್ಟು.

ಇಂದು ಬೆಳಿಗ್ಗೆ ಆರೂವರೆಗೆ ನಮ್ಮ ಹುಳುಮನೆಯಲ್ಲಿ ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದೆವು. ಒಂದು ಹುಳು ತಪ್ಪಿಸಿಕೊಂಡು ಗೋಡೆ ಹತ್ತಿ, ಪಕ್ಕದ ಕೋಣೆಗೆ ಹೋಗುವ ಇಂಟರ್ನೆಟ್ ವೈರಿಗೆ ತನ್ನ ಮೊದಲ ಎಳೆಯನ್ನು ಅಂಟಿಸುತ್ತಿದ್ದುದನ್ನು ನೋಡಿದೆ. ಇದು ಅರ್ಜಿಗೆ ಸಂಬಂಧಪಟ್ಟದ್ದಲ್ಲ. ನಿಮ್ಮ ಆಫೀಸು ಎಲ್ಲಿದೆ ಎಂದು ಸಾಹೇಬರು ಕೇಳಿದ್ದರಿಂದ ಹೇಳಿದ್ದೇನೆ. ಆ ಪಕ್ಕದ ಕೋಣೆಯೇ ನನ್ನ ಆಫೀಸು. ಅಲ್ಲಿ ಒಂದು ಮೇಜು, ಒಂದು ಲ್ಯಾಪ್‌ಟಾಪ್ ಮತ್ತು ಆ ವೈರು ಇವೆ. ಹುಳು ಗೂಡಿಗೆ ಹತ್ತುವ ದಿನ ನಮ್ಮ ತಂದೆ ತಾಯಿ ಮನೆ ಬಿಡುವಂತಿಲ್ಲವಾದ್ದರಿಂದ ಒಬ್ಬಳೇ ಬಸ್ಸಿನಲ್ಲಿ ಬಂದೆ.

ನಾನು ಕಂಪ್ಯೂಟರ್ ಓದಿದವಳಲ್ಲ. ಕಳೆದ ವರ್ಷ ಎಂ.ಎ. ಪ್ರಬಂಧಕ್ಕಾಗಿ ತಾಯಲೂರು ಹೋಬಳಿಯಲ್ಲಿ ನಾಟಿ ಹಾಕುವಾಗಿನ ಹಾಡುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಅರ್ಜಿದಾರರ ಹೆಂಡತಿ ಬೈರಮ್ಮನವರು ಕೆರೆಯ ಏರಿಯ ಮೇಲೆ, ಹೊಂಗೆ ಮರದ ಕೆಳಗೆ ಕುಳಿತು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮಧ್ಯಾಹ್ನವೆಲ್ಲ ಹಾಡಿದ್ದರು. ಪರೀಕ್ಷೆ ಮುಗಿದ ಮೇಲೆ ಆ ಹಾಡುಗಳನ್ನು ಎಲ್ಲರೂ ಕೇಳುವಂತೆ ಎಲ್ಲಿಡುವುದು ಎಂದು ಹುಡುಕುವಾಗ ಈ ವ್ಯಾಪಾರದ ವಿಷಯ ತಿಳಿಯಿತು. ದೊಡ್ಡ ಕಂಪನಿಯ ಯಂತ್ರದಲ್ಲಿ ಸ್ವಲ್ಪ ಹೆಚ್ಚು ಜಾಗವನ್ನು ಬಾಡಿಗೆಗೆ ಪಡೆದು, ಅದನ್ನು ಭಾಗ ಮಾಡಿ ಬೇರೆಯವರಿಗೆ ಕೊಡಬಹುದು ಎಂದಿತ್ತು. ಡಿಗ್ರಿ ಬೇಡ, ಅನುಭವ ಬೇಡ ಎಂದೂ ಇತ್ತು. ಎದುರು ಬದುರು ಯಾರೊಂದಿಗೂ ಹೆಚ್ಚು ಮಾತನಾಡಬೇಕಿಲ್ಲ ಎಂಬುದು ನನಗೆ ಇಷ್ಟವಾಯಿತು.

ಮೊದಲ ವೆಬ್‌ಸೈಟನ್ನು ಹಾಕಿದ ದಿನ ಏನೂ ಕಾಣಿಸಲಿಲ್ಲ. ಹೊಸ ಹೆಸರು ಬಂದಿರುವ ಸುದ್ದಿ ಪ್ರಪಂಚದ ಎಲ್ಲಾ ಕಡೆ ತಿಳಿಯಲು ಒಂದು ದಿನ ಹಿಡಿಯಬಹುದು ಎಂದು ಕಂಪನಿಯವರು ಬರೆದರು. ಮಧ್ಯಾಹ್ನ ನನ್ನ ಲ್ಯಾಪ್‌ಟಾಪಿನಲ್ಲಿ ಪುಟ ತೆರೆದುಕೊಂಡಿತು. ಶ್ರೀನಿವಾಸಪುರದಲ್ಲಿರುವ ಗೆಳತಿ ಮುನಿಲಕ್ಷ್ಮಿಯ ಫೋನಿನಲ್ಲಿ ಇನ್ನೂ ತೆರೆದಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳೇ ಫೋನ್ ಮಾಡಿ, ನಿನ್ನ ಪುಟ ನಮ್ಮೂರಿಗೂ ಬಂತು ಕಣೇ ಎಂದಳು. ಆ ಸುದ್ದಿ ಯಾವ ದಾರಿಯಲ್ಲಿ ನಡೆದು ಅವಳವರೆಗೆ ಹೋಯಿತು ಎಂಬುದು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಅಂದು ಊಟ ಮಾಡುವುದು ಮರೆತಿದ್ದೆ.

ನಂತರ ಮಾಲೂರಿನ ಇಟ್ಟಿಗೆ ಗೂಡಿನವರು, ಶ್ರೀನಿವಾಸಪುರದ ಮಾವಿನ ಮಂಡಿಯವರು ಹೀಗೆ ಒಬ್ಬೊಬ್ಬರಾಗಿ ಬಂದರು. ಕೋದಂಡರಾಮಪ್ಪನವರು ತಮ್ಮ ಹೆಂಡತಿಯ ಹಾಡುಗಳಿಗೆ ಅವಳದೇ ಹೆಸರಿನ ಸೈಟು ಬೇಕೆಂದರು. ಈಗ ಒಟ್ಟು ಹನ್ನೊಂದು ಗಿರಾಕಿಗಳಿದ್ದಾರೆ. ಕನ್ನಡ ಓದಿದವಳಾದ್ದರಿಂದ ಎಲ್ಲವನ್ನೂ ಕನ್ನಡದಲ್ಲೇ ಹೇಳಬೇಕೆಂದು ಹೋಸ್ಟಿಂಗಿಗೆ ಜಾಗ ಎಂದೂ, ಐ.ಪಿ. ಅಡ್ರೆಸ್ಸಿಗೆ ವಿಳಾಸದ ನಂಬರು ಎಂದೂ, ರಿಜಿಸ್ಟ್ರೇಷನ್ನಿಗೆ ನೋಂದಣಿ ಎಂದೂ ಬರೆದು ಕಳುಹಿಸುತ್ತಿದ್ದೆ. ಇವೆಲ್ಲ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಆಡುವ ಮಾತುಗಳು ಎಂಬುದು ನನಗೆ ಹೊಳೆದಿರಲಿಲ್ಲ.

ದಿನಾಂಕ 15-11-2025 ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ ಸುಮಾರಿಗೆ ಕೋದಂಡರಾಮಪ್ಪನವರು ತಮ್ಮ ಅಕ್ಕನ ಮಗ ಕದಿರೇಶ್ ಎಂಬುವವರ ಜೊತೆ ನಮ್ಮ ಮನೆಗೆ ಬಂದರು. ಕದಿರೇಶ್ ಮಾಲೂರಿನಲ್ಲಿದ್ದು ದಿನವೂ ರೈಲಿನಲ್ಲಿ ಬೆಂಗಳೂರಿನ ಕಡೆ ಕೆಲಸಕ್ಕೆ ಹೋಗುತ್ತಾರೆ. ರೈಲಿನಲ್ಲಿ ಕುಳಿತು ಅತ್ತೆಯ ಸೈಟಿನ ವಿಳಾಸದ ನಂಬರನ್ನು ಫೋನಿನಲ್ಲಿ ಹುಡುಕಿದಾಗ, ಅದೇ ನಂಬರಿನಲ್ಲಿ ಬೇರೆಯವರ ಹೆಸರುಗಳೂ ಬಂದವಂತೆ. ಅವರು ನನಗೆ ಫೋನ್ ತೋರಿಸಿ ಹೇಳಿದ ಮಾತು ಹೀಗಿತ್ತು:

“ನೋಡಮ್ಮ, ನಮ್ಮತ್ತೆ ನಂಬರಲ್ಲೇ ಇನ್ನೂ ಹತ್ತು ಜನ ಅವ್ರೆ. ಇಟ್ಟಿಗೆ ಗೂಡಿನೋನೂ ಅವ್ನೆ, ಮಾವಿನ ಮಂಡಿಯೋನೂ ಅವ್ನೆ. ನಮ್ಮತ್ತೆ ಎಲ್ಲಿ ಕೂತ್ಕೊಂಡು ಹಾಡ್ಬೇಕು?”

ನಮ್ಮ ತಾಯಿ ಅಂಜಮ್ಮ ಮಜ್ಜಿಗೆ ತಂದರು. ಕೋದಂಡರಾಮಪ್ಪನವರು ಮುಟ್ಟಲಿಲ್ಲ, ಕೂರಲೂ ಇಲ್ಲ. ಹಿಂದೆ ಅವರು ಮಾಲೂರಿನ ಹತ್ತಿರ ಒಂದು ಲೇಔಟಿನಲ್ಲಿ ನಿವೇಶನ ಕೊಂಡಿದ್ದು, ಬೇಲಿ ಹಾಕಲು ಕಲ್ಲುಕಂಬ ಹೊತ್ತು ಹೋದಾಗ ಅದೇ ಜಾಗದಲ್ಲಿ ಬೇರೊಂದು ಸಂಸಾರದವರು ಗುದ್ದಲಿ ಪೂಜೆ ಮಾಡುತ್ತಿದ್ದರೆಂದು ನಂತರ ತಿಳಿಯಿತು. ಅಂದು ನನಗೆ ಅದು ಗೊತ್ತಿರಲಿಲ್ಲ. ವಿವರವಾಗಿ ಬರೆದು ಕಳುಹಿಸುತ್ತೇನೆ ಎಂದಷ್ಟೇ ಹೇಳಿದೆ. ಬರೆದು ಕೊಡೋದೆಲ್ಲಾ ಒಂದ್ಸಲ ನೋಡಿದ್ದೀನಮ್ಮ ಎಂದು ಹೇಳಿ ಅವರು ಹೊರಟುಹೋದರು.

ಇಂದು ಹನ್ನೊಂದೂಕಾಲಿಗೆ ಠಾಣೆಗೆ ಬಂದಾಗ ಕೋದಂಡರಾಮಪ್ಪ, ಬೈರಮ್ಮ ಮತ್ತು ಕದಿರೇಶ್ ಬೆಂಚಿನ ಮೇಲೆ ಕುಳಿತಿದ್ದರು. ಒಂದೇ ಸೈಟನ್ನು ಹನ್ನೊಂದು ಜನರಿಗೆ ಕೊಟ್ಟಿದ್ದೀಯಂತೆ, ಸರ್ವೆ ನಂಬರ್ ಎಷ್ಟು, ಯಾವ ಲೇಔಟು ಎಂದು ಸಾಹೇಬರು ಕೇಳಿದರು. ಜಮೀನಲ್ಲ ಎಂದೆ. ಹಾಗಾದರೆ ಅಪಾರ್ಟ್‌ಮೆಂಟಾ ಎಂದರು. ಕೇಸು ದಾಖಲಾದರೆ ಮಿಕ್ಕ ಹತ್ತು ಜನರೂ ಬಿಟ್ಟು ಹೋಗುತ್ತಾರೆ, ನನ್ನ ಕೆಲಸ ಅಲ್ಲಿಗೇ ಮುಗಿಯುತ್ತದೆ, ಸುಗಟೂರಿನಲ್ಲಿ ನಮ್ಮ ತಂದೆಯವರ ಹೆಸರಿನ ಜೊತೆ ಮೋಸ ಎಂಬ ಮಾತು ಸೇರುತ್ತದೆ ಎಂಬುದು ನನಗೆ ಗೊತ್ತಿತ್ತು. ಬರೆದುಕೊಂಡು ಬಂದಿದ್ದನ್ನು ಓದಲು ಹೋದೆ, ಅದರಲ್ಲೂ ಜಾಗ, ನೋಂದಣಿ ಎಂಬ ಮಾತುಗಳೇ ಇದ್ದವು. ಕೊನೆಗೆ ಕಾಗದ ಮಡಚಿಟ್ಟು ಬಾಯಲ್ಲೇ ಹೇಳಿದೆ.

“ಅದು ಸೈಟಲ್ಲ ಸರ್, ವಠಾರ.”

ವಠಾರಕ್ಕೆ ಬೀದಿ ಬಾಗಿಲು ಒಂದೇ, ಡೋರ್ ನಂಬರ್ ಒಂದೇ, ಒಳಗೆ ಹನ್ನೊಂದು ಮನೆ. ಪ್ರತಿ ಮನೆಗೂ ಬೇರೆ ಗೋಡೆ, ಬೇರೆ ಬೀಗ. ಬಂದವರು ಬಾಗಿಲಲ್ಲಿ ನಿಂತು ಬೈರಮ್ಮ ಎಂದು ಹೆಸರು ಕೂಗಿದರೆ ಬೈರಮ್ಮನವರ ಮನೆಯೇ ತೆರೆಯುತ್ತದೆ, ಮಾವಿನ ಮಂಡಿ ತೆರೆಯುವುದಿಲ್ಲ ಎಂದು ವಿವರಿಸಿದೆ. ಇಷ್ಟು ಜನರ ಮುಂದೆ ಇಷ್ಟು ಹೊತ್ತು ನಾನು ಮಾತನಾಡಿದ್ದು ಇದೇ ಮೊದಲು. ಸಾಹೇಬರು, ನಾನು ಮದುವೆಯಾದ ಹೊಸದರಲ್ಲಿ ವಠಾರದಲ್ಲೇ ಇದ್ದೆ, ನಲ್ಲಿ ಜಗಳ ಒಂದು ಬಿಟ್ಟರೆ ತೊಂದರೆ ಏನೂ ಇರಲಿಲ್ಲ ಎಂದರು.

ನಂತರ ಸಾಹೇಬರು ತಮ್ಮ ಫೋನಿನಲ್ಲಿ ಬೈರಮ್ಮನವರ ಸೈಟಿನ ಹೆಸರನ್ನು ಟೈಪ್ ಮಾಡಿ ಒಂದು ಹಾಡನ್ನು ಒತ್ತಿದರು. ಠಾಣೆಯಲ್ಲಿ ಹಾಡು ಕೇಳಿಸಿತು. ನಂಬರು ಹುಡುಕಿದ ಕದಿರೇಶ್ ಆಗಲಿ, ಸೈಟು ಮಾಡಿಸಿದ ಕೋದಂಡರಾಮಪ್ಪನವರಾಗಲಿ ಅಲ್ಲಿಯವರೆಗೆ ಒಂದು ಹಾಡನ್ನೂ ತೆರೆದು ಕೇಳಿರಲಿಲ್ಲ ಎಂಬುದು ಅವರ ಮುಖ ನೋಡಿ ತಿಳಿಯಿತು. ವೈರ್‌ಲೆಸ್ ಹತ್ತಿರ ಇದ್ದ ಪೇದೆ ಅನಿತ ಅವರು ಹಾಡು ಕೇಳಿಸಲೆಂದು ವೈರ್‌ಲೆಸ್ಸಿನ ಸದ್ದನ್ನು ಕಡಿಮೆ ಮಾಡಿದರು. ಬೈರಮ್ಮನವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗುಡಿಯಲ್ಲಿ ನಿಲ್ಲುವಂತೆ ಎದ್ದು ನಿಂತರು. ಇದು ನನ್ನ ದನಿಯೇನಾ ಎಂದು ತೆಲುಗಿನಲ್ಲಿ ಕೇಳಿದರು:

“ಇದಿ ನಾ ಗೊಂತೇನಾ?”

ಹೌದು ಎಂದೆ. ಆ ದನಿ ಈಗ ಮುಂಬಯಿಯ ಒಂದು ಯಂತ್ರದಿಂದ ಬರುತ್ತಿದೆ, ಕಳೆದ ತಿಂಗಳು ಅಂಡಮಾನಿನ ಕಡೆಯವರು ಯಾರೋ ಇದೇ ಹಾಡನ್ನು ಮತ್ತೆ ಮತ್ತೆ ಕೇಳಿದ್ದಾರೆ ಎಂದು ನನ್ನ ಕಂಪ್ಯೂಟರ್ ತೋರಿಸುತ್ತದೆ ಎಂದೆ. ಅಲ್ಲೂ ನಾಟಿ ಹಾಕುತ್ತಾರಾ ಎಂದು ಬೈರಮ್ಮನವರು ಕೇಳಿದರು. ನಾನು ಅದನ್ನು ಎಂದೂ ಯೋಚಿಸಿರಲಿಲ್ಲ. ಸಮುದ್ರದ ಆಚೆ ಎಲ್ಲೋ ಕೆಸರಿನಲ್ಲಿ ಬಗ್ಗಿ ನಿಂತ ಒಬ್ಬ ಹೆಂಗಸು ನನ್ನ ಕಣ್ಣಿಗೆ ಕಂಡಳು. ಅವಳಿಗೂ ಹುಳುಮನೆಯ ಪಕ್ಕದ ನನ್ನ ಮೇಜಿಗೂ ನಡುವೆ ಏನಿದೆ ಎಂದು ಯಾರಾದರೂ ಕೇಳಿದ್ದರೆ, ಒಂದು ಹಾಡು ಎಂದಷ್ಟೇ ಹೇಳಲು ಸಾಧ್ಯವಿತ್ತು.

ಕೋದಂಡರಾಮಪ್ಪನವರು ಎದ್ದು ಫೋನಿನ ಹತ್ತಿರ ಬಂದು ನಿಂತರು. ಆಮೇಲೆ ನನ್ನನ್ನು ಕೇಳಿದರು:

“ವಠಾರ ಅಂದ್ಮೇಲೆ ಓನರ್ ಬೇರೆ ಇರ್ತಾನೆ. ಅವ್ನು ಖಾಲಿ ಮಾಡು ಅಂದ್ರೆ, ಇವಳ ಹಾಡು ಎಲ್ಲಿಗೆ ಹೋಗ್ತದಮ್ಮ?”

ಕಂಪನಿಯವರ ಮುಖವನ್ನು ನಾನು ನೋಡಿಲ್ಲ. ಅವರ ಯಂತ್ರ ಇರುವ ಕಟ್ಟಡವೂ ಅವರದಲ್ಲ, ಬಾಡಿಗೆಯದು ಎಂದು ಓದಿದ್ದೇನೆ. ಇಷ್ಟು ದಿನ ಈ ಜಾಲದ ದೊಡ್ಡತನಕ್ಕೆ ಬೆರಗಾಗಿದ್ದೆನೇ ಹೊರತು ಈ ಪ್ರಶ್ನೆ ನನಗೆ ಬಂದಿರಲಿಲ್ಲ. ಗೊತ್ತಿಲ್ಲ ಎಂದೆ. ಅರ್ಜಿಯನ್ನು ಮುಂದುವರಿಸುತ್ತೀರಾ ಎಂದು ಸಾಹೇಬರು ಕೇಳಿದ್ದಕ್ಕೆ, ನಾಳೆ ಸಂಜೆ ಹೇಳ್ತೀನಿ ಎಂದು ಅವರು ಹೆಂಡತಿಯನ್ನು ಕರೆದುಕೊಂಡು ಹೋದರು.

ಈ ಹೇಳಿಕೆಯನ್ನು ಸಾಹೇಬರು ಬರೆದುಕೊಂಡು ಓದಿದರು, ನಾನೂ ಓದಿಕೊಂಡೆ. ನಾನು ಹೇಳದ ಮಾತು ಇದರಲ್ಲಿಲ್ಲ. ಎರಡು ಕಡೆ ಕಾಗುಣಿತವನ್ನು ಅವರ ಒಪ್ಪಿಗೆ ಪಡೆದು ತಿದ್ದಿದ್ದೇನೆ. ಸಹಿ ಹಾಕುವ ಮೊದಲು ಯಾರೂ ಕೇಳದ ಒಂದು ವಿಷಯವನ್ನು ಸೇರಿಸಿಕೊಳ್ಳಲು ಕೋರಿದ್ದೇನೆ. ನಾಳೆ ಬೆಳಿಗ್ಗೆ ನಾನು ತಾಯಲೂರಿಗೆ ಹೋಗಿ ಬೈರಮ್ಮನವರ ಎಲ್ಲಾ ಹಾಡುಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿ ಅವರ ಕೈಗೇ ಕೊಡುತ್ತೇನೆ. ಆಮೇಲೆ ಮಿಕ್ಕ ಹತ್ತು ಜನರ ಮನೆಗೂ ಅವರವರ ಪ್ರತಿ ತೆಗೆದುಕೊಂಡು ನಾನೇ ಹೋಗುತ್ತೇನೆ. ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಕೋದಂಡರಾಮಪ್ಪನವರನ್ನು ಕೇಳುವುದಿಲ್ಲ.

ಸ್ಥಳ: ಕೋಲಾರ
ದಿನಾಂಕ: 18-11-2025
(ಸಹಿ) ಗಂಗಾಲಕ್ಷ್ಮಿ ಎನ್.