ಜಿಂಕೆಗಳಿಗೂ ತಿಳಿಯುವ ವಾಸನೆ

ನಾಳೆಯಿಂದ ಜಿಂಕೆ ಬೇಟೆ ಶುರು. ಪೆನ್ಸಿಲ್ವೇನಿಯಾದ ಒಂದು ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ವೆಲ್ಮಾಳ ಮುಂದೆ ಗಂಡ ಹೆಂಡತಿ ನಿಂತಿದ್ದರು. ಅವನ ಕೈಯಲ್ಲಿ ಬಂದೂಕಿನ ನಳಿಗೆ ತೊಳೆಯುವ, ಘಾಟು ವಾಸನೆಯ ಸಾಲ್ವೆಂಟ್, ಅವಳ ಕೈಯಲ್ಲಿ ಮುಚ್ಚಳವಿದ್ದ ತಗಡಿನ ಡಬ್ಬಿ.

"ಡಬ್ಬಿ ಯಾಕೆ?"

"ಸಾಲ್ವೆಂಟ್ ನೆನೆದ ನಿನ್ನ ಒರೆಸೋ ಬಟ್ಟೆ ಹಾಕೋಕೆ. ಉರಿಯೋ ಒಲೆ ಪಕ್ಕ ಗುಡ್ಡೆ ಹಾಕಿದ್ಯಲ್ಲ, ವರ್ಜಿಲ್! ಮನೆ ಸುಟ್ಟುಹೋಗುತ್ತೆ."

"ಶೆಡ್ಡಲ್ಲಿ ಕೂತು ಬಂದೂಕು ತೊಳೆಯೋಕೆ ಚಳಿ ಕಣೇ."

"ಮನೇಲಿ ಕಿಟಕಿ ತೆಗೆಯೋಕೂ ಚಳಿ ಅಂತೀಯ. ಗ್ಲೌಸ್ ಹಾಕೋಕೆ ಏನು ನಾಚಿಕೆನಾ?"

"ನಮ್ಮಪ್ಪ ಯಾವತ್ತು ಗ್ಲೌಸ್ ಹಾಕಿದ್ದ?"

"ನಿಮ್ಮಪ್ಪ ಯಾವತ್ತು ಜಿಂಕೆ ಹೊಡೆದಿದ್ದ? ಕೈಗೆಲ್ಲ ಆ ವಾಸನೆ ಬಳ್ಕೊಂಡು ಕಾಡಿಗೆ ಹೋದ್ರೆ, ಜಿಂಕೆಗಳು ಆಗ್ಲೇ ಬೆಟ್ಟ ದಾಟಿರ್ತವೆ."

ವರ್ಜಿಲ್ ಒಂದು ಕ್ಷಣ ತನ್ನ ಬೆರಳು ಮೂಸಿದ. ಆಮೇಲೆ ಗ್ಲೌಸ್ ತರಲು ಹೋದ.

ಹೆಂಡತಿ ವೆಲ್ಮಾಳತ್ತ ಕಣ್ಣು ಹೊಡೆದಳು.

"ಮನೆ ಸುಡುತ್ತೆ ಅಂತ ಮದುವೆ ಆದಾಗಿಂದ ಬಡ್ಕೊಂಡೆ, ಕೇಳ್ಲಿಲ್ಲ. ಜಿಂಕೆ ಓಡುತ್ತೆ ಅಂದ ಕೂಡ್ಲೇ ಹೋದ ನೋಡಿ!"